ಸೋತವನ ಡಪ್ಪು

ಹುಣಸೆಹಣ್ಣನ್ನು ಕಲ್ಲಿನ ಮೇಲೆ ಅಡ್ಡ ಮಲಗಿಸಿ ಸರಸಮ್ಮ ಕಬ್ಬಿಣದ ಕೋಲಿನಿಂದ ಒಂದು ಪೆಟ್ಟು ಕೊಟ್ಟಳು. ಬೀಜ ಚಂಗನೆ ಹಾರಿ, ಎದುರು ಕೂತಿದ್ದ ಪಟಾಲಮ್ಮನ ಮಡಿಲಿಗೆ ಬಿತ್ತು.

“ಅಯ್ಯಯ್ಯಪ್ಪೋ! ಪೋಲೀಸ್ನೋರ ಹೆಂಡ್ತಿ ನನ್ ಮ್ಯಾಲೆ ಗುಂಡು ಹಾರಿಸ್ತಾವ್ಳೆ ನೋಡ್ರಪ್ಪೋ!” ಎಂದು ಪಟಾಲಮ್ಮ ಎದೆ ಹಿಡಿದುಕೊಂಡಳು.

“ಪೋಲೀಸ್ನೋರು ಹೋಗಿ ಎಷ್ಟೋ ಕಾಲ ಆಯ್ತು ಪಟಾಲಮ್ಮ. ಗುಂಡೂ ಅವರ ಜೊತೆಗೇ ಹೋಯ್ತು. ನನಗೆ ಉಳಿದಿರೋದು ಈ ಬೀಜಾನೇ.”

ಅಂಗಳದ ಹೆಂಗಸರೆಲ್ಲ ನಕ್ಕರು. ಸಿದ್ದಗಂಗಮ್ಮ ಒಬ್ಬಳು ನಗಲಿಲ್ಲ. ಮನೆಯ ಯಜಮಾನಿ ಅವಳು. ತಲೆ ತಗ್ಗಿಸಿಕೊಂಡು ನಾರು ಕೀಳುತ್ತಿದ್ದವಳು ಒಮ್ಮೆ ಕಣ್ಣೆತ್ತಿ ಸರಸಮ್ಮನನ್ನು ನೋಡಿ ಮತ್ತೆ ತಗ್ಗಿಸಿದಳು.

ಆ ಒಂದು ನೋಟವನ್ನು ಸರಸಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಶಿವರಾತ್ರಿ ಕಳೆದರೆ ಪುರವರದ ಸೀಮೆಯಲ್ಲಿ ಯಾರ ಅಂಗಳಕ್ಕೆ ಹೋದರೂ ಹುಣಸೆಹಣ್ಣಿನ ರಾಶಿ. ಬಂದವರ ಕೈಗೆ ಒಂದು ಕೋಲು ಕೊಟ್ಟು ಕೂರಿಸುವುದು ಅಲ್ಲಿನ ಮರ್ಯಾದೆ. ಯಾರು, ಎತ್ತ ಎಂದು ಆಮೇಲೆ ಕೇಳುತ್ತಾರೆ, ಮೊದಲು ಬೀಜ ಬಿಡಿಸಬೇಕು. ಮಧುಗಿರಿಯ ಮನೆಗೆ ವರ್ಷದ ಹಣ್ಣು ಕೊಳ್ಳಲು ಬಂದೆ ಎಂದು ಹೇಳಿದ್ದ ಸರಸಮ್ಮನಿಗೂ ಅದೇ ಮರ್ಯಾದೆ ಸಿಕ್ಕಿತ್ತು. ಪತ್ತೆ ಮಾಡಹೊರಟವಳಿಗೆ ಇದಕ್ಕಿಂತ ಒಳ್ಳೆಯ ಮಣೆ ಯಾವ ಪೋಲೀಸ್ ಠಾಣೆಯಲ್ಲಿ ಸಿಕ್ಕೀತು!

ಸಿರಾದ ಲಾವಣಿಕಾರ ಹಿದಾಯತುಲ್ಲಾ ಸಾಬರ ಪದಕದ ಡಪ್ಪು ಹೋದವಾರ ಗೋಡೆಯ ಗೂಟದಿಂದ ಮಾಯವಾದಾಗಿನಿಂದ ನಾಲ್ಕು ತಾಲ್ಲೂಕಿನ ಜನರ ಬೆರಳೆಲ್ಲ ತಿರುಗಿದ್ದು ಈ ಅಂಗಳದ ಒಡೆಯ ಸಣ್ಣರಂಗಯ್ಯನ ಕಡೆಗೆ.

ಬೆರಳು ತಿರುಗಲು ಕಾರಣವಿತ್ತು. ಇಬ್ಬರೂ ತಾವೇ ಪದ ಕಟ್ಟಿ ತಾವೇ ಹಾಡುವವರು. ಲಾವಣಿಯ ಎರಡು ಎದುರು ಪಂಥಗಳಲ್ಲಿ ಸಾಬರು ಕಲ್ಗಿಯ ಪಕ್ಷ, ರಂಗಯ್ಯ ತುರಾಯಿಯ ಪಕ್ಷ. ಮೂವತ್ತು ವರ್ಷ ಎದುರುಬದುರು ಕೂತು ಒಬ್ಬರಿಗೊಬ್ಬರು ಸವಾಲು ಹಾಕಿದವರು. ಪಾವಗಡದ ಸಂತೆ ಮೈದಾನದಲ್ಲಿ, ಐವತ್ತೈದನೆಯ ಇಸವಿಯಲ್ಲಿ, ರಂಗಯ್ಯ ಸೋತ. ಅಲ್ಲಿಂದ ಅವನು ಸಭೆಯಲ್ಲಿ ಬಾಯಿ ಬಿಟ್ಟು ಹಾಡಿದ್ದನ್ನು ಕಂಡವರಿಲ್ಲ.

ಲಾವಣಿಯವರು ಪದಕವನ್ನು ಎದೆಗೆ ಚುಚ್ಚಿಕೊಳ್ಳುವುದಿಲ್ಲ. ಡಪ್ಪಿನ ಮರದ ಬಳೆಗೆ ಮೊಳೆ ಹೊಡೆದು ಕೂರಿಸುತ್ತಾರೆ. ಡಪ್ಪು ಬಡಿದಾಗಲೆಲ್ಲ ಪದಕಗಳೂ ಗಲ್ ಗಲ್ ಎನ್ನಬೇಕು, ಅದೇ ಅವರಿಗೆ ಬಿರುದಾವಳಿ. ಸಾಬರ ಡಪ್ಪಿನ ಮೇಲೆ ಏನೇನಿತ್ತು ಎನ್ನುವುದನ್ನು ಅವರ ಮಗಳು ಸಾಬೀರಾ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದ್ದಳು. ಕಳ್ಳಂಬೆಳ್ಳದ ಕೆರೆಯವರು ಹಾಕಿದ್ದು ಮೀನಿನ ಆಕಾರದ ಪದಕ. ಕೊರಟಗೆರೆಯದು ವೀಳ್ಯದೆಲೆ. ಕೊಡಿಗೇನಹಳ್ಳಿಯ ಅಂಗಡಿಯವರದು ನಕ್ಷತ್ರ. ಎಲ್ಲಕ್ಕಿಂತ ದೊಡ್ಡದು ಪಾವಗಡದ ಸೂರ್ಯ, ಅಂಗೈಯಗಲದ ಬೆಳ್ಳಿ.

ಯುಗಾದಿ ಕಳೆದ ಮೇಲೆ ತುಮಕೂರಿನಲ್ಲಿ ಸಾಬರಿಗೆ ರಾಜ್ಯದ ಸನ್ಮಾನವೆಂದು ಮಾತಾಗಿತ್ತು. ಲಕ್ವ ಹೊಡೆದು ಮಾತು ನಿಂತುಹೋದ ಮನುಷ್ಯ. ಇನ್ನೊಂದು ಯುಗಾದಿ ಕಂಡಾರೋ ಇಲ್ಲವೋ. ಪಾವಗಡದ ಗೆಲುವಿಗೆ ಅಂತಲೇ ಕೊಡುವ ಸನ್ಮಾನ ಅದು, ಪದಕಗಳ ಡಪ್ಪನ್ನು ವೇದಿಕೆಯ ಮೇಲೆ ಇಡಬೇಕು. ಅಷ್ಟರಲ್ಲಿ ಡಪ್ಪೇ ಇಲ್ಲ.

“ನಿಮ್ ಕಡೆ ಹಣ್ಣಿಗೆ ಏನ್ ಕೇಳ್ತಾರಕ್ಕಾ?” ಎಂದಳು ಪಟಾಲಮ್ಮ.

“ಹಣ್ಣು ನೋಡಿ ಕೇಳ್ತಾರೆ. ನಿಮ್ಮೂರಿನ ಹಣ್ಣು ಕೆಂಪು. ಕೊಳ್ಳೋರು ಬರ್ತಾನೇ ಇರಬೇಕಲ್ಲ?”

“ಬರ್ತಾರೆ, ಬರ್ದೇ ಏನು! ಹದಿನೈದು ದಿನದ ಹಿಂದೆ ಸಿರಾದಿಂದ ಒಂದು ಸಾಬ್ರ ಹೆಣ್ಮಗಳು ಬಂದಿತ್ತು. ಕಪ್ಪು ಬುರ್ಕಾ. ನೀವು ಕೂತಿರೋ ಜಾಗದಾಗೇ ಕುಂತಿತ್ತು. ಹಣ್ಣು ಮಾತ್ರ ಒಂದು ತೊಳೆನೂ ಕೊಳ್ನಿಲ್ಲ ಕಣಮ್ಮ…”

“ಪಟಾಲೀ,” ಎಂದಳು ಸಿದ್ದಗಂಗಮ್ಮ. ದನಿ ಏರಿಸಲಿಲ್ಲ. “ನಿನ್ ಬಾಯಿಗೆ ಒಂದು ಬೀಜ ಹಾಕ್ಕೋ.”

“ನಾನೇನಂದೆ ಈಗ?”

“ಏನೂ ಅನ್ಬ್ಯಾಡ.”

ಪಟಾಲಮ್ಮನಿಗೆ ಅವಮಾನವಾಯಿತು. ಅವಳು ಬಾಯಿ ಮುಚ್ಚುವ ಜಾತಿಯವಳಲ್ಲ. “ಸೋತ ಮನೇಲಿ ಮಾತಾಡಿದ್ರೂ ತಪ್ಪು, ಸುಮ್ಕಿದ್ರೂ ತಪ್ಪು,” ಎಂದು ಗೊಣಗಿದಳು.

ಸಿದ್ದಗಂಗಮ್ಮನ ಕೈ ನಿಂತಿತು. ಕೂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕಲ್ಲಿನ ಮೇಲೆ ಕಣ್ಣು ನೆಟ್ಟರು. ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಆ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ! ಸೋತವನ ಹೆಂಡತಿ. ಅವಳ ಹೆಸರೇ ಅದಾಗಿಬಿಟ್ಟಿತ್ತು.

“ನೀರಡಿಕೆ ಆಯ್ತು,” ಎಂದು ಸರಸಮ್ಮ ಎದ್ದಳು. “ಕೂತಿರು ಸಿದ್ದಗಂಗಮ್ಮ, ನಾನೇ ತಗೋತೀನಿ. ಗುಡಾಣ ಎಲ್ಲಿದೆ?”

“ನಾನ್ ತತ್ತೀನಿ, ಇರಿ…”

“ಕೈಯೆಲ್ಲ ಅಂಟು ನಿಂದು. ಕೂತ್ಕೋ.”

ಅಷ್ಟರಲ್ಲಿ ಸರಸಮ್ಮ ಹೊಸಿಲು ದಾಟಿದ್ದಳು.

ನಡುಮನೆ ಕತ್ತಲು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಗುಡಾಣ ಕಂಡಿತು, ರಾಗಿಯ ವಾಡೆ ಕಂಡಿತು, ದೇವರ ಗೂಡು ಕಂಡಿತು. ಗೂಡಿನ ಪಕ್ಕದ ಗೂಟದಲ್ಲಿ, ಹಳೆಯ ಪಂಚೆಯೊಂದನ್ನು ಹೊದ್ದು, ಏನೋ ಗುಂಡಗಿನದು ನೇತಾಡುತ್ತಿತ್ತು.

ಸರಸಮ್ಮ ಪಂಚೆಯನ್ನು ಸರಿಸಿದಳು.

ಡಪ್ಪು!

ಎಣ್ಣೆ, ಹೊಗೆ, ಕೈಬೆವರು ಕುಡಿದು ಕಪ್ಪಾದ ಮರದ ಬಳೆ. ಅದರ ಸುತ್ತ ಮೊಳೆ ಕಿತ್ತ ತೂತುಗಳು. ಪ್ರತಿ ತೂತಿನ ಸುತ್ತ ಮರ ಬಿಳುಚಿಕೊಂಡು ಒಂದೊಂದು ಆಕಾರ ಉಳಿದಿತ್ತು. ಇಗೋ ಮೀನು. ಇಗೋ ವೀಳ್ಯದೆಲೆ. ಇಗೋ ಐದು ಮೂಲೆಯ ನಕ್ಷತ್ರ. ಕೈಮೇಲಿನ ವಾಚನ್ನು ಬಿಚ್ಚಿದರೆ ಕೆಳಗಿನ ಚರ್ಮ ಬೆಳ್ಳಗೆ ಕಾಣುವುದಿಲ್ಲವೇ, ಹಾಗೆ.

ಸರಸಮ್ಮ ಡಪ್ಪನ್ನು ಬೆಳಕಿಗೆ ತಿರುಗಿಸಿ ಚರ್ಮವನ್ನು ನೋಡಿದಳು. ಹಿಡಿದು ಹಿಡಿದು ಸವೆದ ಜಾಗವನ್ನು ಕೆಳಕ್ಕೆ ಮಾಡಿದರೆ ಪೆಟ್ಟು ಬಿದ್ದು ಕಪ್ಪಾದ ಗುರುತು ಎಡಕ್ಕೆ ಬರುತ್ತಿತ್ತು. ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಬಾರಿಸುವವನ ಡಪ್ಪು. ಹಿದಾಯತುಲ್ಲಾ ಸಾಬರು ಎಡಚರೆಂದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಹುಡುಗರು ಅವರನ್ನು ಅಣಕಿಸುವಾಗ ತಟ್ಟೆಯನ್ನು ಬಲಗೈಗೆ ತೆಗೆದುಕೊಂಡೇ ಅಣಕಿಸುತ್ತಿದ್ದರು.

ಕಳ್ಳ ಸಿಕ್ಕಿದ. ಪದಕ ಕಿತ್ತು ಮಾರಿದ್ದಾನೆ, ಡಪ್ಪನ್ನು ಮಾತ್ರ ತನ್ನ ಮನೆಯ ಗೂಟಕ್ಕೆ ನೇತುಹಾಕಿ ಸೇಡು ತೀರಿಸಿಕೊಂಡಿದ್ದಾನೆ…

“ಅದುನ್ನ ಬುಡವ್ವ.”

ಸರಸಮ್ಮ ತಿರುಗಿದಳು. ಹಿತ್ತಲ ಬಾಗಿಲಲ್ಲಿ ಗುದ್ದಲಿ ಹಿಡಿದು ಒಬ್ಬ ಗಂಡಸು ನಿಂತಿದ್ದ. ಎತ್ತರದ ಆಳು, ಆದರೆ ಬೆನ್ನು ಬಾಗಿತ್ತು. ಕಾಲಿಗೆಲ್ಲ ಹೊಲದ ಮಣ್ಣು.

“ರಂಗಯ್ಯನೋರಾ?”

“ಹೂಂ. ನೀನ್ಯಾರು? ನೀರು ಕುಡಿಯಾಕೆ ಬಂದೋರು ಗುಡಾಣ ಮುಟ್ತಾರೆ, ಗ್ವಾಡೆ ಮುಟ್ಟಾಕಿಲ್ಲ.”

“ನಾನು ಸರಸಮ್ಮ. ಮಧುಗಿರಿ. ಹಿಂದೆ ಜಮಾದಾರ್ರಾಗಿದ್ರಲ್ಲ, ಅವರ ಮನೆಯವಳು.”

“ಓಹೋ!” ಅವನು ಗುದ್ದಲಿಯನ್ನು ಮೂಲೆಗಿಟ್ಟ. “ಕಳೆದೋದ ಮೂಗುತಿ, ಗೌಡ್ರ ಕುರಿ ಎಲ್ಲಾ ಹುಡುಕಿಕೊಡೋ ಸರಸಮ್ಮ. ಕೇಳಿವ್ನಿ. ಬರ್ತೀಯ ಅಂತ ಕಾಯ್ತಾನೇ ಇದ್ದೆ. ಕುಂತ್ಕಳವ್ವ.”

ಅವಳು ಕೂರಲಿಲ್ಲ. “ಈ ಡಪ್ಪು ಯಾರದು?”

“ಇದಾಯತ್ ಸಾಬಂದು.”

ಅವನು ಅಲ್ಲ ಎನ್ನುತ್ತಾನೆ, ನನ್ನದೇ ಎಂದು ಹಾರಾಡುತ್ತಾನೆ ಎಂದು ಅವಳು ಒಳಗೇ ನಾಲ್ಕು ಪ್ರಶ್ನೆ ಮಸೆದಿಟ್ಟುಕೊಂಡಿದ್ದಳು. ನಾಲ್ಕೂ ಮೊಂಡಾದವು.

“ಹಾಗಾದ್ರೆ ಕದ್ದದ್ದು ಒಪ್ಕೋತೀರಾ?”

“ಅವಂದು ಅಂದೆ. ಕದ್ದೆ ಅನ್ನಲಿಲ್ವಲ್ಲ.” ಅವನ ತುಟಿಯ ಮೂಲೆ ಸ್ವಲ್ಪ ಮೇಲೆ ಹೋಯಿತು. “ಊರೆಲ್ಲಾ ಕಳ್ಳ ಅಂತೈತೆ. ನೀನೂ ಅಂದ್ಬುಡು. ಆದ್ರೆ ಕಣ್ಣು ಬುಟ್ಟು ನೋಡಿ ಆಮೇಲೆ ಅನ್ನು. ಮೂವತ್ತು ವರ್ಷ ನಾನು ಸವಾಲು ಹಾಕಿದೋನು. ಇದೂ ಒಂದು ಸವಾಲು ಅನ್ಕೋ. ಆ ಬಳೆ ಮ್ಯಾಲೆ ಏನೈತೆ? ಏನಿಲ್ಲ?”

ಸರಸಮ್ಮನಿಗೆ ಸಿಟ್ಟು ಬಂತು. ಸಿಟ್ಟನ್ನು ನುಂಗಿಕೊಂಡು ಡಪ್ಪನ್ನು ಗೂಟದಿಂದ ತೆಗೆದು ಬಾಗಿಲ ಬೆಳಕಿಗೆ ತಂದಳು. ಅವನು ಬೇಡವೆನ್ನಲಿಲ್ಲ.

ಬಳೆಯ ಉದ್ದಕ್ಕೂ ಬೆರಳಾಡಿಸಿದಳು. ಮೊಳೆಯ ತೂತುಗಳಲ್ಲಿ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದಳು. ಕುಂಕುಮ. ಎಣ್ಣೆಯ ಜೊತೆ ಕಲೆತು, ಒಣಗಿ, ಕಲ್ಲಿನಂತಾದ ಕುಂಕುಮ. ವಾರದಲ್ಲಿ ಹೀಗೆ ಗಟ್ಟಿಯಾಗುವುದಿಲ್ಲ. ಎಷ್ಟೋ ಹಬ್ಬಗಳ ಪೂಜೆ ಆ ತೂತುಗಳಲ್ಲಿ ತುಂಬಿತ್ತು.

ಮೀನು, ಎಲೆ, ನಕ್ಷತ್ರ, ದುಂಡಗಿನವು. ಮತ್ತೆ ಸುತ್ತು ಹಾಕಿದಳು. ಅಂಗೈಯಗಲದ ಗುರುತು ಎಲ್ಲಿ?

“ಸೂರ್ಯ ಇಲ್ಲ,” ಎಂದಳು.

ಮುಂದೆ ಹೇಳು ಎನ್ನುವಂತೆ ಸಣ್ಣರಂಗಯ್ಯ ತಲೆಯಾಡಿಸಿದ.

“ಪಾವಗಡದ ಪದಕ ಈ ಡಪ್ಪಿನ ಮೇಲೆ ಕೂತೇ ಇಲ್ಲ. ಕೂರೋದಕ್ಕೆ ಮೊದಲೇ ಇದು ಸಾಬರ ಕೈ ಬಿಟ್ಟಿದೆ.” ಅವಳ ದನಿ ತಾನಾಗಿ ತಗ್ಗಿತು. “ಇದು ಹೋದವಾರ ಸಿರಾದಿಂದ ಬಂದದ್ದಲ್ಲ. ಪಾವಗಡದಿಂದಲೇ ಇಲ್ಲಿದೆ.”

“ಭೇಷ್.”

“ಹಾಗಾದ್ರೆ ಹೋದವಾರ ಕಳುವಾದ ಡಪ್ಪು?”

“ನಂದು.”

ಹೊರಗೆ ಅಂಗಳದಲ್ಲಿ ಕೋಲುಗಳ ಟಕ್ ಟಕ್ ನಡೆದೇ ಇತ್ತು. ಸರಸಮ್ಮ ಕಂಬಕ್ಕೆ ಒರಗಿ ಕೂತಳು. ಈಗ ಕೂರಲೇಬೇಕಾಯಿತು.

“ಬಿಡಿಸಿ ಹೇಳಿ ರಂಗಯ್ಯನೋರೇ.”

“ಏನ್ ಬಿಡಿಸೋದು? ಸೋತೋನು ಗೆದ್ದೋನ ಕಾಲತ್ರ ಡಪ್ಪು ಇಡಬೇಕು. ಗುರುಗಳ ಕಾಲದಿಂದ ಬಂದ ಕಟ್ಟಳೆ. ಇದಾಯತ್ ಇಟ್ಟ.”

“ಆದ್ರೆ ಗೆದ್ದದ್ದು ಅವರಲ್ಲವಾ? ಪಾವಗಡದ ಜನವೆಲ್ಲ ನೋಡಿದ್ದಾರೆ. ಹೆಗಲ ಮೇಲೆ ಹೊತ್ತು ಮೆರೆಸಿದ್ದಾರೆ.”

“ಜನ!” ಅವನು ನಕ್ಕ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. “ನಾನು ಹಾಕಿದ ಸವಾಲು ಗೊತ್ತೇನವ್ವಾ? ‘ಬೀಜವಿಲ್ಲದ ಗಿಡ ಯಾವುದೋ, ಬೇರಿಲ್ಲದ ನೆರಳು ಯಾವುದೋ, ಕಟ್ಟಿದವನೆ ಹೇಳೋ ಕಲ್ಗಿಯ ಕಂದಾ…’ ಇದಾಯತ್ ಡಪ್ಪು ಬಡೀತಾನೇ ಇದ್ದ. ಬಡೀತಾನೇ ಇದ್ದ. ಜವಾಬು ಬರ್ನಿಲ್ಲ. ನಾನು ಅವನ ಎದುರಿಗೇ ಕುಂತಿದ್ದೆ. ಬೆವರು ಇಳೀತಾ ಇತ್ತು ಅವನಿಗೆ.”

“ಜವಾಬು ಹೇಳಿದರಲ್ಲ. ಅದೇ ಪದ ಈಗ ಎಲ್ಲರ ಬಾಯಲ್ಲಿದೆ. ‘ಮಾತೇ ಗಿಡವಣ್ಣ, ಹಾಡೇ ನೆರಳಣ್ಣ, ಹಾಡಿದವನು ಹೋದರೂ ನೆರಳು ಉಳಿದೀತಣ್ಣ.’ ಆ ಪದಕ್ಕೇ ಅಲ್ವಾ ಸೂರ್ಯನ ಪದಕ? ಆ ಪದಕ್ಕೇ ಅಲ್ವಾ ಈಗ ರಾಜ್ಯದ ಸನ್ಮಾನ?”

“ಪದ ಅವನ ಬಾಯಿಂದ ಬಂತು. ಅವನ ತಲೇಲಿ ಹುಟ್ನಿಲ್ಲ.”

“ಮತ್ತೆ ಯಾರ ತಲೇಲಿ?” ಎಂದಳು ಸರಸಮ್ಮ.

“ಅವನ ಬೆನ್ನ ಹಿಂದೆ ಒಂದು ಮಗ ಕುಂತಿತ್ತು. ಹನ್ನೆರಡು ಹದಿಮೂರು ಇರಬೇಕು. ಅಪ್ಪನ ಶಾಲು ಹಿಡ್ಕಂಡು. ಆ ಮಗೀನ ತುಟಿ ಅಲ್ಲಾಡ್ತು. ಅದಾದ ಮ್ಯಾಲೆ ಇದಾಯತ್‌ನ ತುಟಿ ಅಲ್ಲಾಡ್ತು. ಮತ್ತೆ ಮಗೀಂದು, ಮತ್ತೆ ಇವಂದು. ಜನಕ್ಕೆ ಕಾಣ್ನಿಲ್ಲ. ನಂಗೆ ಕಾಣ್ತು.”

“ಸಾಬೀರಾ!”

“ಅವಳೇ. ಹಿಂದಿನಿಂದ ಹೇಳಿಸ್ಕಂಡು ಹಾಡಿದ್ರೆ ಸೋತಂಗೆ. ಕಲ್ಗಿಯೋರಿಗೂ ಅದೇ, ತುರಾಯಿಯೋರಿಗೂ ಅದೇ. ಮಗೀಗೆ ಅದು ತಿಳೀದು. ಅಪ್ಪ ಒದ್ದಾಡ್ತಾ ಅವ್ನೆ, ನಾನು ಬಲ್ಲೆ, ಹೇಳ್ಕೊಟ್ಟೆ, ಅಷ್ಟೇಯ. ನಾನು ಎದ್ದು ನಿಂತು ಕೂಗಿದ್ರೆ ಜನ ಅಲ್ಲೇ ಅವನ ಡಪ್ಪು ಒಡೀತಿದ್ರು. ಬಾಯಿ ತನಕ ಬಂತು. ಆ ಮಗ ನನ್ನೇ ನೋಡ್ತಾ ಕಣ್ಣಗಲ ಮಾಡ್ಕಂಡು ನಗ್ತಿತ್ತು. ನಾನು ಕುಂತ್ಬುಟ್ಟೆ.”

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ಮಾರನೇ ದಿನ ಸಾಬ ಬಂದ. ಹಾರಗಳ್ನೆಲ್ಲಾ ಬುಟ್ಟು, ಬಸ್ಸಿನಾಗೆ, ಕಂಬ್ಳಿ ಒಳಗೆ ಡಪ್ಪು ಮುಚ್ಕಂಡು. ಈ ಹೊಸಿಲ ಮ್ಯಾಲೆ ಇಟ್ಟ. ‘ರಂಗಣ್ಣ, ನಾನು ಸೋತೋನು’ ಅಂದ. ನಾನಂದೆ, ಬರಿ ಕೈಲಿ ಹೋದ್ರೆ ಸಿರಾದಾಗೆ ಏನಂತೀಯಲಾ? ನನ್ ಡಪ್ಪು ತಗಂಡೋಗು. ನಿನ್ ಮೆಡ್ಲುಗಳ ಕಿತ್ತು ಅದಕ್ಕೆ ಹೊಡ್ಕೋ. ಜನ ಮೆಡ್ಲು ನೋಡ್ತಾರೆ, ಮರ ನೋಡಾಕಿಲ್ಲ.”

ಅದು ನಿಜ. ಇಷ್ಟು ವರ್ಷ ಯಾರೂ ಮರ ನೋಡಿರಲಿಲ್ಲ. ಸಾಬರು ಪಡೆದ ಮಾನಮರ್ಯಾದೆಯೆಲ್ಲ ಅವರ ಎದುರಾಳಿಯ ಡಪ್ಪಿನ ಮೇಲೆ ಕೂತು ಗಲ್ ಗಲ್ ಎನ್ನುತ್ತಿತ್ತು.

ಆದರೆ ಸರಸಮ್ಮನ ಒಳಗಿನ ಸಂಶಯದ ಹುಳು ಸಾಯಲಿಲ್ಲ. ಒಳ್ಳೆಯ ಕತೆ, ಹೌದು. ಕತೆ ಕಟ್ಟುವುದೇ ಕಸುಬಾದವನು ಹೇಳಿದ ಕತೆ. ಗೆದ್ದವನು ಗೆಲುವನ್ನು ಕೊಟ್ಟುಬಿಟ್ಟು ಇಷ್ಟು ವರ್ಷ ಹುಣಸೆ ಮರದ ಕೆಳಗೆ ಸುಮ್ಮನೆ ಕೂರುತ್ತಾನೆಯೇ? ಹಾಗೆ ಕೂತವನ ಹೊಟ್ಟೆಯಲ್ಲಿ ಏನು ಬೇಯುತ್ತಿರುತ್ತದೆ?

“ವೇದಿಕೆ ಮೇಲೆ ಆ ಡಪ್ಪು ಇಟ್ಟಿದ್ರೆ ತಿಳಿದೋರು ಯಾರಾದ್ರೂ ಕೈಗೆತ್ತಿಕೊಳ್ತಿದ್ರು,” ಎಂದಳು. “ಬಲಗೈಯವನ ಡಪ್ಪು, ಎಡಗೈಯವರ ಪದಕ. ಪ್ರಶ್ನೆ ಏಳ್ತಿತ್ತು. ಅಂದಮೇಲೆ ಕದ್ದವರಿಗೆ ಬೆಳ್ಳಿ ಬೇಕಿರಲಿಲ್ಲ. ಮರ ಮರೆಯಾಗಬೇಕಿತ್ತು. ಈ ಸಂಗತಿ ನಿಮಗೆ, ಸಾಬರಿಗೆ ಬಿಟ್ಟು ಯಾರಿಗೆ ಗೊತ್ತು?”

“ನನ್ ಹೆಂಡ್ತಿಗೆ ಗೊತ್ತು. ಅವಳೇ ಡಪ್ಪು ಎತ್ತಿ ಗೂಟಕ್ಕಾಕಿದೋಳು. ಇನ್ಯಾರ್ಗೂ ಇಲ್ಲ.”

“ಸಿರಾದಿಂದ ಇಲ್ಲಿಗೆ ಬಂದಿದ್ದ ಹೆಣ್ಣುಮಗಳಿಗೆ?”

ಸಣ್ಣರಂಗಯ್ಯನ ಹುಬ್ಬು ಗಂಟಾಯಿತು. “ಯಾವ ಹೆಣ್ಮಗಳು?”

“ಬುರ್ಕಾ ಹಾಕ್ಕೊಂಡು ಬಂದಿದ್ದಳಂತೆ. ಹಣ್ಣು ಕೊಳ್ಳಲಿಲ್ಲವಂತೆ.”

“ನಮ್ಮನೇಗಾ? ನಂಗೊತ್ತಿಲ್ವಲ್ಲ!”

ಅವನ ಬೆರಗು ಸುಳ್ಳಲ್ಲ ಎನಿಸಿತು ಸರಸಮ್ಮನಿಗೆ. ಸುಳ್ಳು ಹೇಳುವವನು ಮೊದಲು ಮುಖ ತಿರುಗಿಸುತ್ತಾನೆ. ಇವನು ತಲೆಬಾಗಿಲ ಕಡೆ ತಿರುಗಿ ಹೆಂಡತಿಯ ಬೆನ್ನನ್ನು ಹುಡುಕಿದ. ಅಂಗಳದಲ್ಲಿ ಸಿದ್ದಗಂಗಮ್ಮ ಕೂತಿದ್ದ ಜಾಗ ಖಾಲಿಯಿತ್ತು. ಅವಳ ಕಲ್ಲು ಇತ್ತು, ಕೋಲು ಇತ್ತು, ಅರ್ಧ ಬಿಡಿಸಿದ ಹಣ್ಣು ಇತ್ತು.

“ಇನ್ನೊಂದು ಮಾತು,” ಎಂದಳು ಸರಸಮ್ಮ. “ಸನ್ಮಾನದ ಸಮಿತಿಯವರು ಎದುರಾಳಿಯ ಸಾಕ್ಷಿ ಕೇಳಿ ನಿಮಗೆ ಬರೆದಿದ್ದರಂತೆ. ದಸರಾದಲ್ಲೇ. ನೀವು ಉತ್ತರ ಕೊಟ್ಟಿಲ್ಲ. ನಿಮ್ಮ ಉತ್ತರ ಹೋಗೋ ತನಕ ಸಾಬರ ಹೆಸರು ಖಾಯಂ ಇಲ್ಲ, ಬೇರೆಯವರಿಗೆ ಹೋದರೂ ಹೋಯ್ತು ಅಂತ ಸಾಬೀರಾ ಅಳ್ತಿದ್ದಳು. ಇಷ್ಟು ದೊಡ್ಡ ಮನಸ್ಸು ಮಾಡಿದೋರು ಒಂದು ಕಾಗದ ಬರೆಯೋದಕ್ಕೆ ಯಾಕೆ ಹಿಂದೆಮುಂದೆ ನೋಡಿದ್ರಿ?”

ಈಗ ಅವನು ಮುಖ ತಿರುಗಿಸಿದ.

“ಬರೆದಿವ್ನಿ.”

“ಎಲ್ಲಿ?”

“ಎರಡು ಬರೆದಿವ್ನಿ ಕಣವ್ವ. ದೀಪಾವಳಿಗೆ ಮುಂಚೆ ಒಂದು ಬರೆದೆ. ಇದಾಯತ್ ಗೆದ್ದ, ನಾನು ಸೋತೆ, ಅದು ಸತ್ಯ, ಅಂತ. ಬರೆದು ಮುಗಿಸಿದ ಮ್ಯಾಲೆ ಕೈಯೇ ಬರ್ನಿಲ್ಲ ಟಪಾಲಿಗೆ ಹಾಕಾಕೆ. ಅದು ಸುಳ್ಳಲ್ವಾ? ನನ್ ಕೈಯಾರ ನಾನೇ ಬರೆದ ಸುಳ್ಳು. ಆಮೇಲೆ ಇನ್ನೊಂದು ಬರೆದೆ. ಇದ್ದದ್ದು ಇದ್ದಂಗೆ. ಗೆದ್ದ ಪದ ಅವಂದಲ್ಲ, ಅವನ ಮಗಳು ಕಟ್ಟಿದ್ದು, ಅವನೇ ಬಂದು ನನ್ ಕಾಲತ್ರ ಡಪ್ಪು ಇಟ್ಟ, ಅಂತ. ಅದನ್ನೂ ಹಾಕಾಕೆ ಆಗ್ನಿಲ್ಲ. ಬಾಯಿ ಬಿದ್ದೋಗಿರೋ ಮನುಷ್ಯನ ಮ್ಯಾಲೆ ಹೆಂಗ್ ಹಾಕ್ಲಿ? ಅವನು ಜವಾಬು ಕೊಡಾಕಾದ್ರೂ ಆಯ್ತದಾ? ಎರಡಕ್ಕೂ ಸ್ಟಾಂಪು ಹಚ್ಚಿ, ವಿಳಾಸ ಬರೆದು, ದೇವ್ರ ಗೂಡಿನಾಗಿಟ್ಟಿವ್ನಿ. ದಿನಾ ಬೆಳಗ್ಗೆ ಒಂದನ್ನ ಎತ್ಕತೀನಿ. ಮತ್ತೆ ಅಲ್ಲೇ ಮಡಗ್ತೀನಿ.”

ಅವನು ಎದ್ದು ಗೂಡಿನ ಹತ್ತಿರ ಹೋದ. ದೇವರ ಪಟದ ಹಿಂದೆ ಕೈ ಹಾಕಿದ. ಇನ್ನೂ ಒಳಕ್ಕೆ ಹಾಕಿದ. ಪಟವನ್ನೇ ಎತ್ತಿ ನೆಲಕ್ಕಿಟ್ಟ.

ಗೂಡು ಖಾಲಿ.

“ಗಂಗೀ!” ಎಂದು ಕೂಗಿದ. ಅಂಗಳದ ಟಕ್ ಟಕ್ ನಿಂತಿತು. “ಲೇ ಗಂಗೀ!”

ಪಕ್ಕದ ಓಣಿಯಿಂದ ಸುತ್ತಿ ಒಳಹೊಕ್ಕಿದ್ದ ಸಿದ್ದಗಂಗಮ್ಮ ಅಡುಗೆಮನೆಯಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

“ಕಾಗದ ಎಲ್ಲಿ?”

“ಬೆಳಗ್ಗೇನೇ ಎರಡೂ ತಗಂಡೆ. ಒಂದು ಒಲೇಲೈತೆ.”

“ಇನ್ನೊಂದು?”

“ಪೆದ್ದಣ್ಣಂಗೆ ಕೊಟ್ಟೆ. ಹಿತ್ಲು ದಾರೀಲಿ ಈಗ್ಲೇ ಹೋದ.”

ಟಪಾಲಿನ ಪೆದ್ದಣ್ಣ ದಿನವೂ ಇದೇ ಹೊತ್ತಿಗೆ ಪುರವರದ ಕಾಗದಗಳನ್ನು ಕಟ್ಟಿಕೊಂಡು ಮಧುಗಿರಿಗೆ ಸೈಕಲ್ ತುಳಿಯುವವನು. ಸಣ್ಣರಂಗಯ್ಯ ಗೋಡೆಗೆ ಕೈ ಕೊಟ್ಟ.

“ನಿಂಗೆ ಅಕ್ಷರ ಬರಾಕಿಲ್ವಲ್ಲೇ! ಯಾವುದು ಏನು ಅಂತ ನಿಂಗೇನ್ ಗೊತ್ತು? ಕಣ್ಣು ಮುಚ್ಕಂಡು ಕೊಟ್ಬುಟ್ಯಾ?”

“ಅಕ್ಷರ ಬರಾಕಿಲ್ಲ. ಕಿವಿ ಐತೆ.” ಸಿದ್ದಗಂಗಮ್ಮ ಗಂಡನನ್ನು ನೆಟ್ಟಗೆ ನೋಡಿದಳು. “ನಿಮ್ಗೆ ರಾಗ ಎಳೀದಲೆ ಬರೆಯಾಕೆ ಬರ್ತೈತಾ? ಒಂದೊಂದು ಮಾತೂ ಹಾಡ್ಕಂಡು ಹಾಡ್ಕಂಡು ಬರೆದ್ರಿ. ನಾನು ಇದೇ ಬಾಗಿಲಾಗೆ ಕುಂತು ಅಕ್ಕಿ ಆರಿಸ್ತಿದ್ದೆ. ಮೊದಲ್ನೇದು ಮುಗಿದಾಗ ಅದರ ಮೂಲೆಗೆ ಬೆರಳಾಗೆ ಅರಿಶಿನ ತಾಗಿಸ್ದೆ. ಯಾವುದು ಯಾವುದು ಅಂತ ಅವತ್ನಿಂದ ನಂಗೊತ್ತು.”

ಲಾವಣಿಯವನ ತಪ್ಪು ಅದು. ಬೇರೆ ಯಾರು ಮಾಡಿಯಾರು! ಗುಟ್ಟಿನ ಕಾಗದವನ್ನು ಎತ್ತಿದ ದನಿಯಲ್ಲಿ ಹಾಡಿಕೊಂಡು ಬರೆದಿದ್ದ.

ಸರಸಮ್ಮ ಮುಂದೆ ಬಂದಳು. “ಸಿದ್ದಗಂಗಮ್ಮ, ಬುರ್ಕಾದಲ್ಲಿ ಬಂದಿದ್ದವಳು ಸಾಬೀರಾನಾ?”

“ಹೂಂ.”

“ಯಾಕೆ ಬಂದಿದ್ದಳು?”

“ಅವರಪ್ಪಂಗೆ ಸನ್ಮಾನದ ಸುದ್ದಿ ಓದಿ ಹೇಳಿದಾಗೆಲ್ಲಾ ಎಡಗೈ ಎತ್ತಿ ಬ್ಯಾಡ ಬ್ಯಾಡ ಅಂತ ಆಡಿಸ್ತಾನಂತೆ. ಗೋಡೆ ಮ್ಯಾಲಿನ ಡಪ್ಪು ತೋರಿಸ್ತಾನಂತೆ, ಪುರವರದ ದಿಕ್ಕು ತೋರಿಸ್ತಾನಂತೆ. ಯಾಕೆ ಅಂತ ಕೇಳಾಕೆ ಬಂತು ಮಗ. ನಾನು ಹೇಳ್ದೆ. ಎಲ್ಲಾ ಹೇಳ್ದೆ. ಎಷ್ಟು ದಿನ ನುಂಗ್ಲಿ?”

“ಗಂಗೀ…” ಎಂದ ರಂಗಯ್ಯ.

“ನೀವು ಸುಮ್ಕಿರಿ. ನೀವು ಬಾಯಿ ಮುಚ್ಕಂಡಿದ್ದಕ್ಕೆ ಊರೋರೆಲ್ಲಾ ಬಾಯಿ ಬುಟ್ಟಿದ್ದು ನನ್ ಮ್ಯಾಲೆ.”

ಸರಸಮ್ಮನ ತಲೆಯಲ್ಲಿ ಒಂದೊಂದೇ ಮೊಳೆ ಕೂರತೊಡಗಿತು. ಸಾಬೀರಾ ಪುರವರಕ್ಕೆ ಬಂದು ಹೋದಳು. ಗುಟ್ಟು ತಿಳಿದುಕೊಂಡು ಹೋದಳು. ಅದಾದ ಮೇಲೆ ಡಪ್ಪು ಮಾಯವಾಯಿತು. ಆಮೇಲೆ ಅದೇ ಹುಡುಗಿ ಮಧುಗಿರಿಗೆ ಬಂದು, ಸರಸಮ್ಮನ ಜಗಲಿಯ ಮೇಲೆ ಕೂತು, ಅಬ್ಬಾಜಾನ್ ಮರ್ಯಾದೆ ಉಳಿಸಿ ಅಮ್ಮಾ ಎಂದು ಅತ್ತಳು. ಪುರವರದ ಹೆಸರನ್ನೇ ಎತ್ತಲಿಲ್ಲ.

ಕಳುವಾಯಿತೆಂದು ದೂರು ಕೊಟ್ಟವಳೇ… ಮರ ಮರೆಯಾಗಬೇಕೆಂದು ಬಯಸಿದವಳು ಅವಳೇನಾ? ಹಾಗಿದ್ದರೆ ಪತ್ತೆ ಮಾಡು ಎಂದು ನನ್ನ ಬಳಿ ಯಾಕೆ ಬಂದಳು? ಖಾಲಿ ಗೂಟಕ್ಕೆ ಊರಿನ ಮುಂದೆ ಒಂದು ಕಳ್ಳತನದ ನೆಪ ಬೇಕಿತ್ತೇನೋ.

“ಅವಳಿಗೆ ಎರಡು ಕಾಗದದ ವಿಷಯ ಗೊತ್ತಿತ್ತಾ?” ಎಂದು ಕೇಳಿದಳು.

“ನಾನೇ ಎರಡನ್ನೂ ತಂದು ಅವಳ ಮುಂದೆ ಮಡಗ್ದೆ. ಒಂದರಾಗೆ ನಿಮ್ಮಪ್ಪಂಗೆ ಸನ್ಮಾನ ಐತೆ. ಇನ್ನೊಂದರಾಗೆ ಆ ಪದ ಕಟ್ಟಿದೋಳು ನೀನು ಅಂತೈತೆ, ಆದ್ರೆ ನಿಮ್ಮಪ್ಪನ ಹೆಸರು ಮಣ್ಣಾಯ್ತದೆ. ಗೆದ್ದೋನು ಸುಮ್ಕೆ ಕುಂತ. ಸೋತೋನ್ಗೆ ಬಾಯಿಲ್ಲ. ಪದ ನಿಂದು, ನೀನೇ ಹೇಳು ಮಗಾ, ಅಂದೆ.”

“ಹೇಳಿದಳಾ?”

“ಆಗ ಏನೂ ಹೇಳ್ನಿಲ್ಲ. ಎರಡು ಕವರ್ನೂ ಎರಡು ಅಂಗೈಮ್ಯಾಲೆ ಮಡಿಕ್ಕಂಡು ಕುಂತಿತ್ತು, ತೂಕ ಹಾಕೋರಂಗೆ. ಬಸ್ಸು ಬಂತು, ಹೋಯ್ತು. ಇವತ್ತು ಬೆಳಗ್ಗೆ ಸಿರಾ ಬಸ್ಸಿನ ಕಂಡಕ್ಟರ್ ಕೈಲಿ ಬಾಯಿಮಾತು ಕಳಿಸಿತ್ತು. ಅವನಿಗೇನು ಅರ್ಥ ಆಗಿರಾಕಿಲ್ಲ. ನಂಗಾಯ್ತು. ಆಕೆ ಯಾವುದನ್ನ ಅಂದ್ಳೋ ಅದನ್ನೇ ಕಳಿಸಿವ್ನಿ. ಮಿಕ್ಕಿದ್ದನ್ನ ಸುಟ್ಟಿವ್ನಿ.”

ಸರಸಮ್ಮ ಒಲೆಯ ಬಳಿಗೆ ಓಡಿದಳು. ಸೌದೆಯ ನಡುವೆ ಕಾಗದ ಕರಿ ಪೊರೆಯಾಗಿ ಸುರುಳಿ ಸುತ್ತಿಕೊಂಡಿತ್ತು. ಬೆರಳು ತಾಗಿಸಿದಳು. ಪುಡಿಯಾಯಿತು. ಮೂಲೆಯಲ್ಲಿ ಅರಿಶಿನವಿತ್ತೋ ಇಲ್ಲವೋ ಹೇಳುವವರಾರು?

“ಯಾವುದನ್ನ ಕಳಿಸಿದೆ?” ಸಣ್ಣರಂಗಯ್ಯ ಹೆಂಡತಿಯ ಎರಡೂ ತೋಳು ಹಿಡಿದಿದ್ದ. “ಗಂಗೀ, ಹೇಳ್ಬುಡೇ. ನಾನು ಗೆದ್ದೋನಾ, ಸೋತೋನಾ?”

ಸಿದ್ದಗಂಗಮ್ಮ ತೋಳು ಬಿಡಿಸಿಕೊಂಡಳು. ಕೆಳಗಿಟ್ಟಿದ್ದ ದೇವರ ಪಟವನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಗೂಡಿಗಿಟ್ಟಳು.

“ಅದು ನಿಮ್ ಕೈಲೂ ಇಲ್ಲ, ನನ್ ಕೈಲೂ ಇಲ್ಲ,” ಎಂದಳು. “ಹೇಳಬ್ಯಾಡಿ ಅಂತಾನೂ ಹೇಳಿ ಕಳಿಸೈತೆ ಮಗ.”

ಸರಸಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕೆರೆ ಏರಿಯ ಮೇಲೆ ಪೆದ್ದಣ್ಣನ ಸೈಕಲ್ಲು ಬಿಸಿಲಿನಲ್ಲಿ ಸಣ್ಣದಾಗುತ್ತ ಹೋಗುತ್ತಿತ್ತು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೂ ಇದ್ದ. ಅವಳು ಬಾಯಿ ತೆರೆದಳು. ಹಿಂದೆ ತಿರುಗಿ ನೋಡಿದಳು. ಸಣ್ಣರಂಗಯ್ಯನೂ ಬಾಯಿ ತೆರೆದು ನಿಂತಿದ್ದ. ಅವನೂ ಕೂಗಲಿಲ್ಲ.

ಸೈಕಲ್ಲು ಏರಿಯ ತಿರುವಿನಲ್ಲಿ ಇಳಿಯಿತು. ದಸರಾದಿಂದ ತಡೆದು ನಿಂತಿದ್ದ ಉತ್ತರ ತುಮಕೂರಿನ ದಾರಿ ಹಿಡಿಯಿತು.